ಎರಡು ಗಂಟೆಯ ಲೆಕ್ಕ

(ನರ್ಸಿಂಗ್ ವಿದ್ಯಾರ್ಥಿನಿಯರು, ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯೊಂದರಲ್ಲಿ ವೈದ್ಯನಾದ ನಾನು ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರಸೂತಿ ವೈದ್ಯಕೀಯದ ಪಾಠಗಳಲ್ಲಿ ಒಂದು ಪುಟ್ಟ ಪಟ್ಟಿ ಬರುತ್ತದೆ. ತೊಡಕು ಕಾಣಿಸಿಕೊಂಡ ಗಳಿಗೆಯಿಂದ, ಯಾವ ಚಿಕಿತ್ಸೆಯೂ ಸಿಗದೆ ಹೋದರೆ, ತಾಯಿಯ ಪ್ರಾಣ ಹೋಗಲು ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜು ಅದರಲ್ಲಿದೆ. ಹೆರಿಗೆಯ ನಂತರದ ಸೋಂಕಾದರೆ 6 ದಿನ, ಮಗು ಸಿಕ್ಕಿಕೊಂಡು ಹೆರಿಗೆ ಮುಂದುವರಿಯದಿದ್ದರೆ 3 ದಿನ, ರಕ್ತದೊತ್ತಡ ಏರಿ ಫಿಟ್ಸ್ ಬಂದರೆ 2 ದಿನ, ಗರ್ಭಕೋಶ ಹರಿದರೆ 1 ದಿನ, ಹೆರಿಗೆಗೆ ಮೊದಲೇ ರಕ್ತ ಹೋಗತೊಡಗಿದರೆ 12 ಗಂಟೆ. ಹೆರಿಗೆಯಾದ ಮೇಲಿನ ರಕ್ತಸ್ರಾವದ ಎದುರಿಗೆ ಬರೆದಿರುವುದು ಎರಡು ಗಂಟೆ.

ಮೊದಲಿನ ತೊಡಕುಗಳಲ್ಲಿ ಹಿರಿಯರನ್ನು ಕೇಳುವುದಕ್ಕೆ, ಕೈಗಡ ತರುವುದಕ್ಕೆ, ಬೆಳಗಿನ ಬಸ್ಸಿಗೆ ಕಾಯುವುದಕ್ಕೆ ಕೂಡ ಒಂದಿಷ್ಟು ಅವಕಾಶವಿದೆ. ಅದು ಕ್ರೂರವಾದ ಅವಕಾಶವೇ ಆದರೂ ಅವಕಾಶ. ಕೊನೆಯದರಲ್ಲಿ ಅದೂ ಇಲ್ಲ. ದಿನ ತುಂಬಿದ ಬಸುರಿಯ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಕೂಡಲೇ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿ ಮುದುಡಿಕೊಂಡರೆ ಆ ನಾಳಗಳ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುದುಡದೆ ನಾದಿದ ಹಿಟ್ಟಿನಂತೆ ಮೆತ್ತಗೆ ಉಳಿಯಿತೆಂದರೆ ನಲ್ಲಿಯನ್ನು ತೆರೆದಿಟ್ಟ ಹಾಗೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಗಂಟೆಗೆ ಸಂಬಂಧಿಸಿದ್ದು. ಒಂದು ಊರಿನ ಬಸುರಿಯರಿಗೆ ಸುರಕ್ಷಿತ ಹೆರಿಗೆ ಸಿಗುತ್ತಿದೆಯೋ ಇಲ್ಲವೋ ಎಂಬುದನ್ನು ಆಸ್ಪತ್ರೆಯ ಕಟ್ಟಡದಿಂದಲೋ ಯೋಜನೆಯ ಹೆಸರಿನಿಂದಲೋ ಅಳೆಯಲಾಗದು, ಈ ಎರಡು ಗಂಟೆ ಹೇಗೆ ಕಳೆಯುತ್ತದೆ ಎಂಬುದರಿಂದಲೇ ಅಳೆಯಬೇಕು ಎಂಬುದು ನನ್ನ ವಾದ.

ಮೊದಲು ಅಂಕಿಗಳನ್ನು ಮುಗಿಸಿಬಿಡೋಣ. ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸತ್ತರು ಎಂಬುದನ್ನು ತಾಯಂದಿರ ಮರಣ ಪ್ರಮಾಣ ಎನ್ನುತ್ತೇವೆ. ಭಾರತದಲ್ಲಿ ಇದು 2014-16ರಲ್ಲಿ 130 ಇದ್ದದ್ದು 2018-20ರ ಹೊತ್ತಿಗೆ 97ಕ್ಕೆ ಇಳಿಯಿತು. ಅದೇ 2018-20ರಲ್ಲಿ ಕರ್ನಾಟಕದ ಪ್ರಮಾಣ 69. ದೇಶದ ಸರಾಸರಿಗಿಂತ ಉತ್ತಮವೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ನೆರೆಯವರತ್ತ ನೋಡಿದರೆ ತಮಿಳುನಾಡು 54, ಆಂಧ್ರಪ್ರದೇಶ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಕಡೆಯ ಸ್ಥಾನ. 2019-21ರ ಮುಂದಿನ ವರದಿಯಲ್ಲಿ ನಮ್ಮ ಸಂಖ್ಯೆ 63ಕ್ಕೆ ಇಳಿಯಿತು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆರಿಗೆಯಾಗುವ ರಾಜ್ಯದಲ್ಲಿ 63 ಎಂದರೆ ಆರುನೂರರ ಆಸುಪಾಸಿನ ಸಾವುಗಳು.

ಈಗ ಇನ್ನೊಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗಿವೆ. ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ, 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ಅದೇ ಕಾಲಕ್ಕೆ ಹಳ್ಳಿಗಳಿಗೆ ಬಂದ ಆಶಾ, 2008ರ ನವೆಂಬರಿನಿಂದ ಓಡುತ್ತಿರುವ ನೂರೆಂಟು ಆಂಬುಲೆನ್ಸ್, ಬಾಣಂತಿಗೂ ಮಗುವಿಗೂ ಬೇಕಾದ ಸಾಮಾನಿನ ಮಡಿಲು ಕಿಟ್ಟು, ಬಾಣಂತಿಯನ್ನು ಮನೆಗೆ ಬಿಟ್ಟುಬರುವ ನಗು-ಮಗು ವಾಹನ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮಂಥವರ ಓಡಾಟ, ಇವೆಲ್ಲ ಸೇರಿ ಸಾಧಿಸಿದ್ದು ಇದು. ಇದನ್ನು ಸಣ್ಣ ಸಾಧನೆಯೆಂದು ನಾನು ಎಂದೂ ಹೇಳಲಾರೆ. ಆದರೆ ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ. ನೂರರಲ್ಲಿ ತೊಂಬತ್ತೇಳು ಮಂದಿ ಆಸ್ಪತ್ರೆಯಲ್ಲಿ ಹೆರುತ್ತಿದ್ದಾರೆಂದ ಮೇಲೆ, ಸಾಯುತ್ತಿರುವ ತಾಯಂದಿರಲ್ಲಿ ಬಹುಪಾಲು ಜನ ಯಾವುದೋ ಒಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ ಆಗಿರಬೇಕು.

ತಾಯಂದಿರ ಸಾವಿಗೆ ಮೂರು ವಿಳಂಬಗಳು ಕಾರಣ ಎಂದು ಥಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಬರೆದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗುವುದು ತಡವಾಗುತ್ತದೆ, ದಾರಿಯಲ್ಲಿ ತಡವಾಗುತ್ತದೆ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಶುರುವಾಗುವುದು ತಡವಾಗುತ್ತದೆ. ಮೊದಲ ಎರಡು ವಿಳಂಬಗಳ ಮೇಲೆ ನಾವು ಇಪ್ಪತ್ತು ವರ್ಷ ಕೆಲಸ ಮಾಡಿದ್ದೇವೆ. ಪೂರ್ತಿ ನೀಗಿವೆಯೆಂದಲ್ಲ. 2014ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ಕೃಷ್ಣಾ ನದಿಯ ನಡುಗಡ್ಡೆಯೊಂದರಿಂದ ತುಂಬು ಬಸುರಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಉಕ್ಕಿ ಹರಿಯುತ್ತಿದ್ದ ಹೊಳೆಯನ್ನು ಈಜಿ ದಾಟಿ ಬಂದದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬೇಕು. ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ನನಗಾದರೋ ಅದು ಹೊಗಳುವ ವಿಷಯವಾಗಿ ಕಾಣಲಿಲ್ಲ. ನಡುಗಡ್ಡೆಯ ಬಸುರಿಯರನ್ನು ಅಣೆಕಟ್ಟಿನಿಂದ ನೀರು ಬಿಡುವ ಮೊದಲೇ ಈಚೆ ದಡಕ್ಕೆ ಕರೆತಂದು ಇರಿಸಿಕೊಳ್ಳುವ ವ್ಯವಸ್ಥೆ ಇರಬೇಕಿತ್ತಲ್ಲ ಎನಿಸಿತು. ಇರಲಿ. ನಾನು ಹೇಳಹೊರಟಿದ್ದು ಮೂರನೆಯ ವಿಳಂಬದ ಬಗ್ಗೆ. ನಮ್ಮಲ್ಲಿ ಅದು ಎರಡನೆಯ ವಿಳಂಬದ ವೇಷ ಹಾಕಿಕೊಂಡು ಬರುತ್ತದೆ. ಆಸ್ಪತ್ರೆಯೇ ದಾರಿಯ ಒಂದು ನಿಲ್ದಾಣವಾಗಿಬಿಡುತ್ತದೆ.

ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಇದು ಯಾವುದೋ ಒಂದೂರಿನ ನಿಜಘಟನೆಯಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಗುರುತು ಸಿಗುವಂಥ ಸಂಗತಿಗಳನ್ನು ಜೋಡಿಸಿ ಕಟ್ಟಿದ ಲೆಕ್ಕ. ಹುಡುಗಿಗೆ 19 ವರ್ಷ, ಚೊಚ್ಚಲು. ಎಂಟನೆಯ ತಿಂಗಳಲ್ಲಿ ನೋಡಿದಾಗ ಹಿಮೋಗ್ಲೋಬಿನ್ 8, ಅಂದರೆ ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ 11 ಗಂಟೆ 10 ನಿಮಿಷಕ್ಕೆ ಹೆರಿಗೆಯಾಗುತ್ತದೆ, ಮಗು ಅಳುತ್ತದೆ, ಮಾಸು ಬೀಳುತ್ತದೆ, ಒಬ್ಬರೇ ಇರುವ ಸಿಸ್ಟರ್ ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟು ಮಗುವನ್ನು ಒರೆಸಿ ಬೆಚ್ಚಗೆ ಸುತ್ತುವುದರಲ್ಲಿ ತೊಡಗುತ್ತಾರೆ. 11.30ಕ್ಕೆ ತಿರುಗಿ ನೋಡಿದಾಗ ತಾಯಿಯ ಕೆಳಗಿನ ಬಟ್ಟೆ ತೊಯ್ದಿರುತ್ತದೆ. ಹೊಟ್ಟೆ ನೀವುತ್ತಾರೆ, ಸಲೈನ್ ಹಚ್ಚುತ್ತಾರೆ, ವೈದ್ಯರಿಗೆ ಫೋನ್ ಮಾಡುತ್ತಾರೆ, ನೂರೆಂಟಕ್ಕೆ ಫೋನ್ ಮಾಡುತ್ತಾರೆ. ಹತ್ತಿರದ ಗಾಡಿ ಇನ್ನೊಂದು ಕರೆಯ ಮೇಲೆ ಹೋಗಿದೆ. 12 ಗಂಟೆ 10 ನಿಮಿಷಕ್ಕೆ ಗಾಡಿ ಬರುತ್ತದೆ. 12.45ಕ್ಕೆ ತಾಲ್ಲೂಕು ಆಸ್ಪತ್ರೆ. ಅಲ್ಲಿ ಪ್ರಸೂತಿ ತಜ್ಞರಿದ್ದಾರೆ, ಅರಿವಳಿಕೆ ತಜ್ಞರು ವಾರಕ್ಕೆ ಮೂರು ದಿನ ಬೇರೆ ತಾಲ್ಲೂಕಿನಲ್ಲಿ, ಇಂದು ಆ ಮೂರರಲ್ಲಿ ಒಂದು. ರಕ್ತ ಶೇಖರಣಾ ಘಟಕದ ಫ್ರಿಜ್ಜಿನಲ್ಲಿ ಎರಡು ಚೀಲಗಳಿವೆ, ಇವಳ ಗುಂಪಿನದಲ್ಲ. 1 ಗಂಟೆಗೆ ಜಿಲ್ಲಾ ಆಸ್ಪತ್ರೆಗೆ ರೆಫರ್ ಚೀಟಿ ಬರೆಯುತ್ತಾರೆ. ಜಿಲ್ಲಾ ಕೇಂದ್ರ 90 ಕಿಲೋಮೀಟರ್. ಲಿಂಗಸುಗೂರಿನಿಂದ ರಾಯಚೂರು ಹೆಚ್ಚುಕಡಿಮೆ ಅಷ್ಟು ದೂರವಿದೆ ಎಂದರೆ ನಿಮಗೆ ಅಂದಾಜು ಸಿಗಬಹುದು. ಹೆರಿಗೆಯಾಗಿ ಎರಡು ಗಂಟೆ ತುಂಬುವುದು 1 ಗಂಟೆ 10 ನಿಮಿಷಕ್ಕೆ. ಆಗ ಗಾಡಿ ಊರಿನ ದೀಪಗಳನ್ನು ದಾಟಿ ಕತ್ತಲಿನ ರಸ್ತೆಗೆ ಇಳಿದಿರುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಯಾರೂ ನಿದ್ದೆ ಮಾಡಲಿಲ್ಲ, ಯಾರೂ ದುಡ್ಡು ಕೇಳಲಿಲ್ಲ, ಯಾರೂ ಗದರಲಿಲ್ಲ. ಮನೆಯವರೂ ತಡಮಾಡಲಿಲ್ಲ. ಎಲ್ಲರೂ ತಮ್ಮ ಕೆಲಸ ಮಾಡಿದರು, ಹುಡುಗಿ ದಾರಿಯಲ್ಲಿ ಸತ್ತಳು. ನಾಳೆ ಈ ಸಾವಿನ ವಿಚಾರಣೆಯಾದಾಗ ‘ತಡವಾಗಿ ತಂದರು’ ಎಂಬ ಮಾತು ಪ್ರತಿಯೊಂದು ಹಂತದಲ್ಲೂ ಹಿಂದಿನ ಹಂತದವರ ಮೇಲೆ ಬೀಳುತ್ತದೆ, ಕಡೆಗೆ ಹೋಗಿ ಕೂರುವುದು ಸಿಸ್ಟರ್ ಮೇಲೆ ಅಥವಾ ಆಶಾ ಅಕ್ಕನ ಮೇಲೆ.

ಈ ಲೆಕ್ಕದಲ್ಲಿ ನಾನು ಬೇಕೆಂದೇ ಇಟ್ಟಿರುವ ಒಂದು ತಾವಿದೆ: 11.10ರಿಂದ 11.30. ಮೊದಲ ಇಪ್ಪತ್ತು ನಿಮಿಷ ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ರಕ್ತ ಎಷ್ಟು ಹೋಯಿತೆಂದು ಯಾರೂ ಅಳೆದಿಲ್ಲ. ಅಳೆಯುವುದು ಹೇಗೆ? ಬಟ್ಟೆಗೆ, ಹಾಸಿಗೆಗೆ, ನೆಲಕ್ಕೆ, ಬಕೆಟ್ಟಿಗೆ ಹರಿದ ರಕ್ತವನ್ನು ಕಣ್ಣಳತೆಯಲ್ಲಿ ‘ಮುನ್ನೂರು ಇರಬಹುದು’ ಎಂದು ಬರೆಯುವುದೇ ನಮ್ಮ ರೂಢಿ. ಈ ಕಣ್ಣಳತೆ ಎಷ್ಟು ಮೋಸ ಮಾಡುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ ಊರುಗಳಲ್ಲಿ ನಮ್ಮ ಬೆಳಗಾವಿ ಒಂದು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ ಒಂದು ಸರಳ ಸಾಧನವನ್ನು ರೂಪಿಸಿದರು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಅಷ್ಟೇ. ಈ ಚೀಲದ ಅಳತೆಯನ್ನೂ ಕಣ್ಣಳತೆಯನ್ನೂ ಹೋಲಿಸಿ ನೋಡಿದಾಗ ಕಣ್ಣು ಮೂರರಲ್ಲಿ ಒಂದು ಭಾಗವನ್ನು ಕಡಿಮೆ ಕಂಡಿತ್ತು. ಮೂರರಲ್ಲಿ ಒಂದು ಭಾಗವೆಂದರೆ, 750 ಮಿ.ಲೀ. ಹೋದವಳನ್ನು 500ರ ಲೆಕ್ಕದಲ್ಲಿಟ್ಟು ಇನ್ನೂ ಗಾಬರಿಯಿಲ್ಲ ಎಂದು ಕುಳಿತಿರುವುದು.

ಅದೇ ತಂಡ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಸಿತು. 1,620 ಹೆರಿಗೆಗಳು, ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ ಆದವು, ಮಾಡಿಸಿದವರು ಹಳ್ಳಿಯ ಸಹಾಯಕ ದಾದಿಯರಾದ ಎ.ಎನ್.ಎಂ. ಸಿಸ್ಟರುಗಳು, ವೈದ್ಯರಲ್ಲ. ಅರ್ಧದಷ್ಟು ಹೆಂಗಸರಿಗೆ ಹೆರಿಗೆಯಾದ ಕೂಡಲೇ ಗರ್ಭಕೋಶ ಮುದುಡಿಸುವ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆ. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ರಕ್ತಸ್ರಾವವಾದದ್ದು ನೂರಕ್ಕೆ 6.4 ಮಂದಿಗೆ, ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ 12 ಮಂದಿಗೆ. 2006ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಇದಕ್ಕಿಂತ ಒಳ್ಳೆಯ ಔಷಧ, ನಿಜ. ಆದರೆ ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲ ಕೈ ಬೇಕು. ಕರೆಂಟು ಹೋಗಿ ಬರುವ ಊರಿನಲ್ಲಿ, ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ, ಫ್ರಿಜ್ಜಿನ ಒಳಗಿನ ತಾಪಮಾನವನ್ನು ದಿನಕ್ಕೆ ಎರಡು ಸಲ ಬರೆದಿಡದೆ ಹೋದರೆ, ನೀವು ಕೊಡುತ್ತಿರುವುದು ಔಷಧವೋ ಬರೀ ನೀರೋ ಎಂದು ಹೇಳುವವರಿಲ್ಲ.

ಅಳತೆಯ ಚೀಲದ ಕತೆ ಅಲ್ಲಿಗೇ ನಿಲ್ಲಲಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದ ಸುಮಾರು 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಇ-ಮೋಟಿವ್ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಇಷ್ಟು: ಪ್ರತಿ ಹೆರಿಗೆಗೂ ಅಳತೆಯ ಚೀಲ ಹಾಸುವುದು, ರಕ್ತ ಗೆರೆ ಮುಟ್ಟಿದ ಕೂಡಲೇ ಹೊಟ್ಟೆ ನೀವುವುದು, ಗರ್ಭಕೋಶ ಮುದುಡಿಸುವ ಔಷಧ, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ರಕ್ತ ಎಲ್ಲಿಂದ ಬರುತ್ತಿದೆಯೆಂಬ ಪರೀಕ್ಷೆ, ಇವೆಲ್ಲವನ್ನೂ ಒಂದಾದ ಮೇಲೆ ಒಂದೆಂದು ಕಾಯದೆ ಒಟ್ಟಿಗೆ ಮಾಡುವುದು. ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡಬೇಕಾಗುವ ದೊಡ್ಡ ಶಸ್ತ್ರಚಿಕಿತ್ಸೆ ಮತ್ತು ಸಾವು, ಇವನ್ನು ಸೇರಿಸಿ ಎಣಿಸಿದ ಪ್ರಮಾಣ ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಇದರಲ್ಲಿ ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಇರುವುದು ಬೇಗ ಗೊತ್ತಾಗುವುದು, ಗೊತ್ತಾದ ಮೇಲೆ ಕಾಯದಿರುವುದು. ನಮ್ಮ ರಾಜ್ಯದಲ್ಲೇ ಮೊಳೆತ ಒಂದು ವಿಚಾರವನ್ನು ನಮ್ಮ ಪ್ರತಿ ಹೆರಿಗೆ ಕೋಣೆಯಲ್ಲೂ ನೋಡುವುದು ನನ್ನ ಆಸೆ. ನೀವು ಪಂಚಾಯಿತಿ ಸದಸ್ಯರು ಆಸ್ಪತ್ರೆಯ ಆಗುಹೋಗು ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋದಾಗ ಬಣ್ಣ ಬಳಿಯುವ ವಿಚಾರ, ಫಲಕ ಬರೆಸುವ ವಿಚಾರ ಬಂದೇ ಬರುತ್ತದೆ. ಅದರ ಜೊತೆಗೆ ಈ ಚೀಲದ ವಿಚಾರವನ್ನೂ ಕೇಳಿ.

ಇಲ್ಲಿ ಸೂಲಗಿತ್ತಿಯರ ನೆನಪು ಬರುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಈ ಹೆಸರು ಎತ್ತುತ್ತಿಲ್ಲ. ಮೆತ್ತಗಾದ ಗರ್ಭಕೋಶಕ್ಕೆ ಎಂಥ ಅನುಭವಿ ಸೂಲಗಿತ್ತಿಯ ಕೈಯಲ್ಲೂ ರಕ್ತದ ಚೀಲ ಇರಲಿಲ್ಲ. ಆದರೆ ಸೂಲಗಿತ್ತಿ ಹೆರಿಗೆಯ ನಂತರ ಬಾಣಂತಿಯ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಆಸ್ಪತ್ರೆಗೆ ಹೆರಿಗೆಯನ್ನು ತಂದ ನಾವು ಆ ಕೂರುವಿಕೆಯನ್ನು ಹೊರಗೇ ಬಿಟ್ಟೆವು. ಅತ್ತೆಯನ್ನೋ ತಾಯಿಯನ್ನೋ ಬಾಗಿಲ ಆಚೆ ನಿಲ್ಲಿಸಿ, ಒಬ್ಬ ಸಿಸ್ಟರ್ ಮೂವರು ಹೆರುವವರ ನಡುವೆ ಓಡಾಡುವಾಗ, ಹಾಸಿಗೆ ತೊಯ್ಯುತ್ತಿರುವುದನ್ನು ಮೊದಲು ಕಾಣುವವರು ಯಾರು? ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ಸರ್ಕಾರ ತಂದ ಲಕ್ಷ್ಯ ಮಾರ್ಗಸೂಚಿಯಲ್ಲೇ ಇದೆ, 2017ರಿಂದ. ‘ಗದ್ದಲ ಮಾಡ್ತಾರ್ರಿ’ ಎಂಬ ಉತ್ತರವನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಒಪ್ಪಿದೆ, ಕೆಲವರು ಮಾಡುತ್ತಾರೆ. ‘ಸಿಸ್ಟರ್, ಹುಡುಗಿ ಬೆವರತಾಳ ನೋಡ್ರಿ’ ಎಂದು ಸಮಯಕ್ಕೆ ಸರಿಯಾಗಿ ಗದ್ದಲ ಮಾಡುವವಳೂ ಅವಳೇ.

ಇನ್ನು ರಕ್ತಹೀನತೆ. ಎರಡು ಗಂಟೆ ಎಂದು ನಾನು ಹೇಳಿದ್ದು ಸರಾಸರಿ. ಐವತ್ತು ಕಿಲೋ ತೂಕದ ಬಸುರಿಯ ಮೈಯಲ್ಲಿ ನಾಲ್ಕು ಲೀಟರಿಗೆ ಕೊಂಚ ಹೆಚ್ಚು ರಕ್ತವಿರುತ್ತದೆ. ಅವಳ ಹಿಮೋಗ್ಲೋಬಿನ್ 12 ಇದ್ದರೆ ಒಂದು ಲೀಟರ್ ಹೋದರೂ ತಡೆದುಕೊಂಡಾಳು. 7 ಇದ್ದರೆ ಅರ್ಧ ಲೀಟರಿಗೇ ಕುಸಿಯುತ್ತಾಳೆ. ಅಂದರೆ ರಕ್ತಹೀನತೆಯಿರುವವಳ ಗಡಿಯಾರದಲ್ಲಿ ಎರಡು ಗಂಟೆಯೂ ಇರುವುದಿಲ್ಲ. ಕರ್ನಾಟಕದ ಬಸುರಿಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ 45.4 ಇತ್ತು, 2019-21ರಲ್ಲಿ ಶೇ 45.7. ಇಷ್ಟು ವರ್ಷ ಕಬ್ಬಿಣಾಂಶದ ಕೆಂಪು ಗುಳಿಗೆ ಹಂಚಿ ನಾವು ನಿಂತಲ್ಲೇ ನಿಂತಿದ್ದೇವೆ. ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ, ದಪ್ಪನಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಗಳನ್ನು ಬೈಯುವುದು ಸುಲಭ. ಆದರೆ ಆ ಗುಳಿಗೆಯಿಂದ ಓಕರಿಕೆ ಬರುತ್ತದೆ, ಮಲಬದ್ಧತೆಯಾಗುತ್ತದೆ, ಬೆಳಿಗ್ಗೆ ಬರೀ ಚಹಾ ಕುಡಿದು ಹತ್ತಿ ಬಿಡಿಸಲು ಹೋಗುವವಳಿಗೆ ಹೊಟ್ಟೆ ಉರಿಯುತ್ತದೆ ಎಂಬುದೂ ನಿಜ. ಅದನ್ನು ಒಪ್ಪಿಕೊಂಡು, ರಾತ್ರಿ ಊಟವಾದ ಮೇಲೆ ನುಂಗವ್ವ, ಚಹಾದ ಜೊತೆ ಬೇಡ ಎಂದು ಹೇಳುವ ಆಶಾ ಅಕ್ಕನ ಮಾತು ನಾಲ್ಕು ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. 2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಿಸಿಯೂಟ ಕೊಟ್ಟು ಅಲ್ಲಿಯೇ ಗುಳಿಗೆ ನುಂಗಿಸುವ ಯೋಚನೆಯಿತ್ತು. ಒಳ್ಳೆಯ ಯೋಚನೆಯೇ, ಆದರೆ ಏಳು ತಿಂಗಳ ಬಸುರಿ ಮಧ್ಯಾಹ್ನದ ಬಿಸಿಲಿನಲ್ಲಿ ತೋಟದ ಮನೆಯಿಂದ ಅಂಗನವಾಡಿಗೆ ನಡೆದು ಬರಬೇಕೆಂಬುದನ್ನು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ.

ಬಸುರಿ ಎಲ್ಲಿರುತ್ತಾಳೆಂಬ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಇದು ನಮ್ಮ ಕಡೆ ಎದ್ದು ಕಾಣುವ ತೊಡಕು, ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಏಳನೆಯ ತಿಂಗಳಲ್ಲೋ ಒಂಬತ್ತನೆಯ ತಿಂಗಳಲ್ಲೋ ಕುಬಸ, ಅಂದರೆ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ ಕರೆದುಕೊಂಡು ಹೋಗುತ್ತಾರೆ. ಬಸುರಿಯ ಮನಸ್ಸಿಗೆ ಅದು ಎಷ್ಟು ದೊಡ್ಡ ಬಲವೆಂಬುದು ಇಲ್ಲಿ ಕುಳಿತ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಆರೋಗ್ಯ ಇಲಾಖೆಯ ದೃಷ್ಟಿಯಿಂದ ನೋಡಿದರೆ, ಅಪಾಯ ಹೆಚ್ಚುವ ತಿಂಗಳಿನಲ್ಲಿಯೇ ಅವಳು ಗಂಡನ ಊರಿನ ಆಶಾ ಕಣ್ಣಿನಿಂದ ಮರೆಯಾಗಿ, ತವರೂರಿನ ಆಶಾ ಕಣ್ಣಿಗೆ ಇನ್ನೂ ಬೀಳದೆ ನಡುವೆ ಉಳಿದುಬಿಡುತ್ತಾಳೆ. ಅವಳ ಪಟ್ಟಿ ಇಲ್ಲಿ, ಅವಳು ಅಲ್ಲಿ. ರಕ್ತದೊತ್ತಡ ಏರತೊಡಗಿದ್ದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ಕಾರ್ಡು ಅತ್ತೆಯ ಮನೆಯ ಟ್ರಂಕಿನಲ್ಲಿ ಇರುತ್ತದೆ. ಗುಳೆ ಹೋಗುವವರದ್ದು ಇನ್ನೂ ಕಷ್ಟ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವಳು ತಗಡಿನ ಶೆಡ್ಡಿನಲ್ಲಿ ದಿನ ತುಂಬಿಸುತ್ತಾಳೆ. ಸುತ್ತ ಹತ್ತು ದೊಡ್ಡ ಆಸ್ಪತ್ರೆಗಳಿದ್ದರೂ ಯಾವ ಬಾಗಿಲು ತನ್ನದೆಂದು ಅವಳಿಗೆ ಗೊತ್ತಿರುವುದಿಲ್ಲ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ಕುಬಸದ ದಿನ ಗೊತ್ತಾದ ಕೂಡಲೇ ಗಂಡನ ಊರಿನ ಆಶಾ ತವರೂರಿನ ಆಶಾಗೆ ಒಂದು ಫೋನ್ ಮಾಡುವುದು, ಉಡಿ ತುಂಬುವಾಗ ಕಾಯಿ ಕಣದ ಜೊತೆ ತಾಯಿ ಕಾರ್ಡನ್ನೂ ಇಡುವುದು. ಇದನ್ನು ರೂಢಿ ಮಾಡಿಸಿದ ಕೆಲವು ಆಶಾ ಅಕ್ಕಂದಿರನ್ನು ನಾನು ಬಲ್ಲೆ. ಇದಕ್ಕಾಗಿ ಅವರಿಗೆ ಯಾರೂ ಪ್ರೋತ್ಸಾಹಧನ ಕೊಡುವುದಿಲ್ಲ.

ಈಗ ವೈದ್ಯರ ಕೊರತೆಗೆ ಬರೋಣ. ಅದನ್ನು ಬಿಟ್ಟರೆ ನನ್ನ ವೃತ್ತಿಯವರನ್ನು ನಾನೇ ರಕ್ಷಿಸಿದಂತಾಗುತ್ತದೆ. 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾಗಿರುವ ಪ್ರಸೂತಿ ತಜ್ಞರಲ್ಲಿ ನೂರಕ್ಕೆ 74ರಷ್ಟು ಕೊರತೆಯಿತ್ತು. ಆದರೆ ಸಂಖ್ಯೆಯಷ್ಟೇ ಮುಖ್ಯವಾದದ್ದು ಜೋಡಿ. ಪ್ರಸೂತಿ ತಜ್ಞೆ ಒಂದು ತಾಲ್ಲೂಕಿನಲ್ಲಿ, ಅರಿವಳಿಕೆ ತಜ್ಞ ಇನ್ನೊಂದರಲ್ಲಿ, ರಕ್ತದ ಫ್ರಿಜ್ಜು ಮೂರನೆಯದರಲ್ಲಿ ಇದ್ದರೆ, ಕಾಗದದ ಮೇಲೆ ಮೂರೂ ತಾಲ್ಲೂಕು ತುಂಬಿವೆ, ರಾತ್ರಿ ಒಂದು ಗಂಟೆಗೆ ಮೂರೂ ಖಾಲಿ. ತುರ್ತು ಹೆರಿಗೆಯ ಆಸ್ಪತ್ರೆ ಎನಿಸಿಕೊಳ್ಳಲು ಶಸ್ತ್ರಚಿಕಿತ್ಸೆ, ನವಜಾತ ಶಿಶುವಿನ ಆರೈಕೆ, ರಕ್ತ ಈ ಮೂರೂ ಒಂದೇ ಸೂರಿನಡಿ ಇಪ್ಪತ್ತನಾಲ್ಕು ಗಂಟೆ ಇರಬೇಕೆಂದು ನಿಯಮವೇ ಹೇಳುತ್ತದೆ. ಹತ್ತು ಅರ್ಧ ಆಸ್ಪತ್ರೆಗಳಿಗಿಂತ ಸರಿಯಾದ ತಾವಿನಲ್ಲಿರುವ ನಾಲ್ಕು ಪೂರ್ಣ ಆಸ್ಪತ್ರೆಗಳು ಮೇಲು ಎಂದು ನಾನು ಹೇಳಿದರೆ ನಿಮ್ಮ ಊರಿನ ಆಸ್ಪತ್ರೆ ಕಿತ್ತುಕೊಳ್ಳುತ್ತಿದ್ದೇನೆಂದು ಕೋಪಿಸಿಕೊಳ್ಳಬೇಡಿ. ತಮಿಳುನಾಡು ಹೆಚ್ಚುಕಡಿಮೆ ಇದನ್ನೇ ಮಾಡಿತು: ಆಯ್ದ ಆಸ್ಪತ್ರೆಗಳನ್ನು ಹಗಲು ರಾತ್ರಿ ಪೂರ್ತಿ ಸಜ್ಜಾಗಿಟ್ಟಿತು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಬ್ಬರ ಬದಲು ಮೂವರು ಸ್ಟಾಫ್ ನರ್ಸುಗಳನ್ನು ಪಾಳಿಯಲ್ಲಿ ಇಟ್ಟಿತು. ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಕಾರ್ಯಕ್ರಮ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಬಂದಿದೆ. ತರಬೇತಿ ಪಡೆದವರನ್ನು ಆಪರೇಷನ್ ಕೋಣೆಯಿಲ್ಲದ ಕೇಂದ್ರಕ್ಕೆ ವರ್ಗ ಮಾಡಿದರೆ ಆ 18 ವಾರ ವ್ಯರ್ಥವೇ.

ಇದರ ಇನ್ನೊಂದು ಮುಖವೂ ಇದೆ. 2019-21ರ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ ಶೇ 31.5ಕ್ಕೆ ಏರಿತ್ತು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಬೇಡದವಳಿಗೆ ಹಗಲು ಹನ್ನೊಂದಕ್ಕೆ ಸಿಗುವ ಶಸ್ತ್ರಚಿಕಿತ್ಸೆ ಬೇಕಾದವಳಿಗೆ ರಾತ್ರಿ ಒಂದಕ್ಕೆ ಸಿಗುವುದಿಲ್ಲ. ಮೊದಲ ಸಲ ಹೊಟ್ಟೆ ಕೊಯ್ಸಿಕೊಂಡವಳಿಗೆ ಮುಂದಿನ ಹೆರಿಗೆಯಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಂಡು ಭಾರಿ ರಕ್ತಸ್ರಾವವಾಗುವ ಸಂಭವ ಹೆಚ್ಚೆಂಬುದನ್ನೂ ನೆನಪಿಡಬೇಕು. ಇದರ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು, ಇಲ್ಲಿಗೆ ಬಿಡುತ್ತೇನೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತದ್ದು, ಅವರಿಗೆ ಹಚ್ಚಿದ ಸಲೈನಿನ ಗುಣಮಟ್ಟದ ಮೇಲೆ ಸಂಶಯ ಬಂದದ್ದು ನಿಮಗೆ ನೆನಪಿರಬೇಕು. ಆ ವಾರಗಳಲ್ಲಿ ಎಷ್ಟೋ ಬಸುರಿಯರು ಸರ್ಕಾರಿ ದವಾಖಾನೆಗೆ ಬರಲು ಹಿಂಜರಿದರು. ‘ಅಲ್ಲಿಗೆ ಹ್ವಾದರ ಬಾಟಲಿ ಹಚ್ಚತಾರ್ರಿ’ ಎಂದವರನ್ನು ನಾನೇ ಕಂಡಿದ್ದೇನೆ. ಇಪ್ಪತ್ತು ವರ್ಷ ಮನೆಮನೆ ತಿರುಗಿ ಆಶಾ ಕಟ್ಟಿದ ನಂಬಿಕೆ ಇಪ್ಪತ್ತು ದಿನಗಳಲ್ಲಿ ಬಿರುಕು ಬಿಟ್ಟಿತು. ಆ ಸಾವುಗಳ ನಂತರ ರಾಜ್ಯದ ತಾಯಂದಿರ ಸಾವುಗಳನ್ನೆಲ್ಲ ಪರಿಶೀಲಿಸುವ ಕೆಲಸಕ್ಕೆ ಬಿರುಸು ಬಂತು. ಬರಬೇಕಾದದ್ದೇ. ಆದರೆ ಸಾವಿನ ಪರಿಶೀಲನೆಯಲ್ಲಿ ಎರಡು ಬಗೆಗಳಿವೆ. ಯಾರನ್ನು ಅಮಾನತು ಮಾಡಬೇಕೆಂದು ಹುಡುಕುವುದು ಒಂದು. ಬ್ರಿಟನ್ನಿನಲ್ಲಿ 1952ರಲ್ಲಿ ಶುರುವಾಗಿ, 2004ರಿಂದ ಕೇರಳದ ಪ್ರಸೂತಿ ತಜ್ಞರ ಒಕ್ಕೂಟ ನಡೆಸಿಕೊಂಡು ಬಂದಿರುವುದು ಇನ್ನೊಂದು: ಅಲ್ಲಿ ತಾಯಿಯ ಹೆಸರು, ಆಸ್ಪತ್ರೆಯ ಹೆಸರು, ವೈದ್ಯರ ಹೆಸರು ಎಲ್ಲವನ್ನೂ ಅಳಿಸಿ ಆ ರಾತ್ರಿಯ ಒಂದೊಂದು ನಿಮಿಷವನ್ನೂ ಓದುತ್ತಾರೆ. ಮೊದಲನೆಯ ಬಗೆಯಲ್ಲಿ ಸಿಸ್ಟರ್ 11.30ಕ್ಕೆ ಕಂಡದ್ದನ್ನು 11.15 ಎಂದು ಬರೆಯಲು ಕಲಿಯುತ್ತಾಳೆ. ಎರಡನೆಯದರಲ್ಲಿ, ನಾನು ಒಬ್ಬಳೇ ಇದ್ದೆ, ಮಗುವಿನ ಕಡೆ ತಿರುಗಿದ್ದೆ, ತಾಯಿಯನ್ನು ನೋಡಲಿಲ್ಲ ಎಂದು ಹೇಳುವ ಧೈರ್ಯ ಬರುತ್ತದೆ. ಆಗ ಮಾತ್ರ ಎರಡನೆಯ ಸಿಸ್ಟರ್ ಬೇಕೆಂಬುದಕ್ಕೆ ಪುರಾವೆ ಸಿಗುತ್ತದೆ. ಪ್ರಸೂತಿ ತಜ್ಞರಲ್ಲಿ ಕೆಲವರು ಈ ಮೃದುತ್ವವನ್ನು ಒಪ್ಪುವುದಿಲ್ಲ, ಮನೆಯವರು ಖಂಡಿತ ಒಪ್ಪುವುದಿಲ್ಲ, ಅವರ ದುಃಖದ ಎದುರು ಈ ವಾದ ಮಂಡಿಸಲು ನನಗೂ ನಾಲಿಗೆ ಏಳುವುದಿಲ್ಲ. ಆದರೂ ನನ್ನ ಅಭಿಪ್ರಾಯ ಇದೇ.

ಇಷ್ಟು ಹೇಳಿ ನಾನು ಕುಳಿತುಕೊಳ್ಳುವವನಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತರು. ‘ಸರ್, ನೀವು ಹೇಳಿದ ಆ ಗಾಡಿಯೊಳಗ ಹುಡುಗಿ ಜೊತಿ ನಾನೂ ಇರತೀನ್ರಿ. ಜಿಲ್ಲಾ ದವಾಖಾನಿಗೆ ಮುಟ್ಟಿಸಿದ ಮ್ಯಾಲೆ ಗಾಡಿ ಬ್ಯಾರೆ ಕಡಿ ಹೋಗತದ. ಬಾಣಂತಿಗಿ ಮನಿಗೆ ಬಿಡಾಕ ನಗು-ಮಗು ಅದ. ರಾತ್ರಿ ಮೂರಕ್ಕ ನಾ ಹೆಂಗ ವಾಪಸ್ ಬರಬೇಕ್ರಿ?’

ಸಭೆಯಲ್ಲಿ ಒಂದಿಬ್ಬರು ನಕ್ಕರು, ಆಶಾಗಳು ನಗಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಆಶಾ ವಿಶ್ರಾಂತಿ ಕೊಠಡಿ ಎಂಬ ಫಲಕವಿದೆಯಲ್ಲ ಎಂದು ನಾನು ಹೇಳತೊಡಗಿದೆ. ‘ಫಲಕ ಅದರ್ರಿ, ಕೀಲಿ ಹಾಕಿರತಾರ’ ಎಂದರು ಅವರು. ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ರಾತ್ರಿ ಪಾಳಿಯವರಿಗೆ ಗೊತ್ತಿರುವುದಿಲ್ಲವಂತೆ. ಸಭೆಯಲ್ಲಿದ್ದ ಪಂಚಾಯಿತಿ ಸದಸ್ಯರೊಬ್ಬರು ಆ ಮಾತನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.